ಚಿಕ್ಕಮ್ಮನ 94 ಗೊಂಬೆಗಳಿಗೆ ಮನೆ ಹುಡುಕಿದ್ದು

ಅಟ್ಟದಿಂದ ನಾಲ್ಕು ಗೋಣಿಚೀಲ ಇಳಿಸಿದಾಗ ಒಳಗೆ ಹಳೆ ಬಟ್ಟೆ ಇರಬಹುದು ಅಂದುಕೊಂಡಿದ್ದೆ. ಮೊದಲನೇ ಚೀಲದ ದಾರ ಬಿಚ್ಚಿದರೆ ಒಂದು ಜಿರಾಫೆಯ ಕತ್ತು ಹೊರಗೆ ಬಂತು. ಅದರ ಹಿಂದೆಯೇ ಕರಡಿ, ಮೊಲ, ಪೆಂಗ್ವಿನ್, ಮಂಗ. ನುಸಿಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತು.

ನಮ್ಮ ಚಿಕ್ಕಮ್ಮ ಮೈಸೂರಿನ ಸರಸ್ವತಿಪುರಂನ ಆ ಮನೆಯಲ್ಲಿ 20 ವರ್ಷಕ್ಕೂ ಜಾಸ್ತಿ ಶಿಶುವಿಹಾರ ನಡೆಸಿದವರು. ದೊಡ್ಡದೇನಲ್ಲ. ಮುಂದಿನ ಹಾಲ್, ಪಕ್ಕದ ಒಂದು ಕೋಣೆ, ಹಿತ್ತಲಲ್ಲಿ ಸಂಪಿಗೆ ಮರ. ವರ್ಷಕ್ಕೆ 25 ಮಕ್ಕಳು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು ಅಂತ ಬಾಗಿಲು ಹಾಕಿದರು. 2021ರ ನವೆಂಬರ್‌ನಲ್ಲಿ ಎಲ್‌ಕೆಜಿ, ಯುಕೆಜಿ, ಅಂಗನವಾಡಿ ಎಲ್ಲ ಮತ್ತೆ ಶುರುವಾಯಿತು. ಅಷ್ಟರಲ್ಲಿ ಚಿಕ್ಕಮ್ಮನಿಗೆ ಮಂಡಿನೋವು ಹೆಚ್ಚಾಗಿ ನೆಲದ ಮೇಲೆ ಕೂರುವುದೇ ಕಷ್ಟವಾಗಿತ್ತು. ನೆಲದ ಮೇಲೆ ಕೂರದೆ ಶಿಶುವಿಹಾರ ನಡೆಸೋಕಾಗಲ್ಲ ಅಂತ ಅವರೇ ನಿಲ್ಲಿಸಿಬಿಟ್ಟರು. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ, ಆ ಮನೆ ಬಿಟ್ಟು ಕುವೆಂಪುನಗರದಲ್ಲಿ ನಮ್ಮ ಪಕ್ಕದ ಬೀದಿಗೆ ಬರುವುದು ಅಂತ ಆಯಿತು. ಶಿವರಾತ್ರಿಯೊಳಗೆ ಮನೆ ಖಾಲಿ ಮಾಡಿಕೊಡಬೇಕು.

ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕೂತು ಒಂದೊಂದನ್ನೇ ಎಣಿಸಿದರು. ಒಟ್ಟು 94.

"ಯಾವುದಾದ್ರೂ ಅನಾಥಾಶ್ರಮಕ್ಕೆ ಕೊಟ್ಟುಬಿಡೋಣ ಚಿಕ್ಕಮ್ಮ. ಒಂದೇ ಸಲಕ್ಕೆ ಮುಗಿಯುತ್ತೆ" ಅಂದೆ.

"ಕೊಟ್ಟುಬಿಡೋದು ಅಂದ್ರೇನೇ? ಅವರು ಕೇಳಿದ್ರಾ ನಿನ್ನ?" ಅಂದರು.

ಆ ಒಂದು ಪ್ರಶ್ನೆ ಮುಂದಿನ ಐದು ವಾರ ನನ್ನನ್ನು ಓಡಾಡಿಸಿತು.

ಮೊದಲು ವಿಂಗಡಿಸಿದೆವು. ಹೊಲಿಗೆ ಬಿಟ್ಟಿದೆಯಾ, ಬೂಷ್ಟು ಹಿಡಿದಿದೆಯಾ, ಒಳಗೆ ಬ್ಯಾಟರಿ ಇದೆಯಾ ಅಂತ ಒಂದೊಂದನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದೆವು. ಬೊಗಳುವ ನಾಯಿಯೊಂದರ ಹೊಟ್ಟೆಯಲ್ಲಿ ಮೂರು ಬಟನ್ ಸೆಲ್ ಇದ್ದವು, ಒಂದು ಸೋರಿ ಹಸಿರಾಗಿತ್ತು. ಅದನ್ನು ನೋಡಿ ಚಿಕ್ಕಮ್ಮ ಬೆಚ್ಚಿಬಿದ್ದರು. ಬಟನ್ ಸೆಲ್ ನುಂಗಿದ ಮಗುವಿನ ಅನ್ನನಾಳ ಎರಡು ಗಂಟೆಯೊಳಗೇ ಸುಟ್ಟುಹೋಗಬಹುದು. ಹಾಡುವ, ಬೊಗಳುವ, ಮಿನುಗುವ ಎಲ್ಲದರ ಹೊಟ್ಟೆ ಕುಯ್ದು ಸೆಲ್ ತೆಗೆದು, ಡಬ್ಬಿ ತೆಗೆದು, ಮತ್ತೆ ಹೊಲಿದೆವು. ಬೊಗಳದ ನಾಯಿಯೂ ನಾಯಿಯೇ ಅಲ್ವಾ.

ಆಮೇಲೆ ಕಣ್ಣು, ಮೂಗು. ಚಿಕ್ಕಮ್ಮ ಹೊಲಿಗೆ ಪೆಟ್ಟಿಗೆಯಿಂದ ಹಳೆ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿ ತೆಗೆದರು. ಶಿಶುವಿಹಾರದಲ್ಲಿ ಅದೇ ಅವರ ಅಳತೆ. ಆ ಡಬ್ಬಿಯೊಳಗೆ ಹಿಡಿಸುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಬರಕೂಡದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಆಟಿಕೆ ಪರೀಕ್ಷೆ ಮಾಡುವ ಲ್ಯಾಬಿನವರು ಇದಕ್ಕೇ ಬಳಸುವ ಸಿಲಿಂಡರ್‌ನ ಅಗಲ 31.7 ಮಿಲಿಮೀಟರ್. ರೀಲಿನ ಡಬ್ಬಿ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಇವೆಲ್ಲ ಅದಕ್ಕೂ ಹಿಂದಿನವು, ಜಾತ್ರೆಯಲ್ಲಿ ಕೊಂಡವು, ಪೋಷಕರು ತಂದುಕೊಟ್ಟವು. ಹಾಗಾಗಿ ನಮ್ಮ ಬೆರಳೇ ಲ್ಯಾಬು. ಪ್ರತಿ ಕಣ್ಣನ್ನೂ ಹಿಡಿದು ಜೋರಾಗಿ ಎಳೆದೆ. ಅಲ್ಲಾಡಿದ್ದನ್ನೆಲ್ಲ ಕಿತ್ತು ಹಾಕಿ, ಆ ಜಾಗದಲ್ಲಿ ಚಿಕ್ಕಮ್ಮ ಕಪ್ಪು ಉಲ್ಲನ್‌ನಿಂದ ಕಣ್ಣು ಹೊಲಿದರು. ದಾರದ ಕಣ್ಣಿನ ಆನೆ ಮೊದಲಿಗಿಂತ ಶಾಂತವಾಗಿ ಕಂಡಿತು.

ಕೊನೆಗೆ 17 ಗೊಂಬೆ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಅವನ್ನು ಬೇರೆ ಇಟ್ಟೆವು. ಉಳಿದ 77 ಒಗೆಯಬೇಕು. ನುಸಿಗುಳಿಗೆ ವಾಸನೆ ಚಿಕ್ಕ ಮಕ್ಕಳಿಗೆ ಒಳ್ಳೆಯದಲ್ಲ, ಕೆಲವು ಮಕ್ಕಳ ರಕ್ತಕ್ಕೇ ಅದು ತೊಂದರೆ ಕೊಡುತ್ತೆ. ಹಾಗಾಗಿ ಸುಮ್ನೆ ಕೊಡವಿ ಬಿಸಿಲಿಗಿಟ್ಟರೆ ಸಾಲದು.

ಒಗೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಮೊದಲ ಸಲ ಎಡವಿದ್ದು ಇಲ್ಲೇ. ಹಳೆ ದಿಂಬಿನ ಕವರ್ ಒಳಗೆ ಎರಡು ಮೂರು ಗೊಂಬೆ ಹಾಕಿ, ಬಾಯಿ ಕಟ್ಟಿ, ಮೆಷಿನ್ನಿನಲ್ಲಿ ಮೆಲ್ಲಗೆ ತಿರುಗುವ ಸೆಟ್ಟಿಂಗ್ ಇಟ್ಟು ಒಗೆದೆ. ಅದೇನೋ ಸರಿ. ಮಹಡಿ ಮೇಲೆ ತಂತಿಗೆ ಕ್ಲಿಪ್ಪು ಹಾಕಿ ಒಣಗಿಸಿದೆ. ಸಂಜೆ ಮುಟ್ಟಿ ನೋಡಿದರೆ ಗರಿಗರಿ ಒಣಗಿತ್ತು. ಚೀಲಕ್ಕೆ ತುಂಬಿದೆ. ನಾಲ್ಕನೇ ದಿನ ತೆಗೆದರೆ ಮುಗ್ಗಲು ವಾಸನೆ! ಮೇಲೆ ಒಣಗಿದ್ದರೂ ಹೊಟ್ಟೆಯೊಳಗಿನ ಹತ್ತಿ ಒದ್ದೆಯಾಗೇ ಇತ್ತು. ಹತ್ತಿ ಅಂತ ಬಾಯಿಮಾತಿಗೆ ಹೇಳ್ತೀವಿ, ನಿಜಕ್ಕೂ ಅದು ಪಾಲಿಯೆಸ್ಟರ್ ನಾರು. ಹನ್ನೊಂದು ಗೊಂಬೆಗಳನ್ನು ಮತ್ತೆ ಒಗೆಯಬೇಕಾಯಿತು.

ಎರಡನೇ ಸಲ ಚಿಕ್ಕಮ್ಮ ಒಂದು ಉಪಾಯ ಹೇಳಿಕೊಟ್ಟರು. ಒಗೆಯುವ ಮೊದಲು ಪ್ರತಿ ಗೊಂಬೆಯನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳುವುದು. ಆನೆ 410 ಗ್ರಾಂ. ಒಗೆದು, ಹಿಂಡಿ, ಎರಡು ದಿನ ಬಿಸಿಲಲ್ಲಿ ಇಟ್ಟ ಮೇಲೆ ಮುಟ್ಟಿದರೆ ಪೂರ್ತಿ ಒಣಗಿದ ಹಾಗೆ. ತೂಗಿದರೆ 455. ಅಂದರೆ ಇನ್ನೂ 45 ಗ್ರಾಂ ನೀರು ಒಳಗೇ ಕೂತಿದೆ. ಮೂರನೇ ದಿನ 418. ನಾಲ್ಕನೇ ದಿನ ಮಧ್ಯಾಹ್ನ 410. ಆ ಸಂಖ್ಯೆ ನೋಡಿ ನನಗಾದ ಖುಷಿ ಹೇಳತೀರದು. ಮಾಘದ ಮೈಸೂರು ಬಿಸಿಲು ಒಳ್ಳೆ ಬಿಸಿಲು. ಮಳೆಗಾಲದಲ್ಲಿ ಈ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ.

ಒಂದು ಕಡೆ ಒಗೆತ ನಡೆಯುತ್ತಿದ್ದರೆ ಇನ್ನೊಂದು ಕಡೆ ನಾನು ಕೇಳಲು ಹೊರಟೆ. ಮೊದಲು ಹೋಗಿದ್ದು ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ. ಅಲ್ಲಿನ ಸಿಸ್ಟರ್ ಬಹಳ ಒಳ್ಳೆಯವರು, ಕೂರಿಸಿ ಮಾತಾಡಿದರು. "ಪ್ಲಾಸ್ಟಿಕ್ ಆಟಿಕೆ ಆದ್ರೆ ಒಂದು ಮಗು ಆಡಿದ ಮೇಲೆ ಒರೆಸಿ ಇನ್ನೊಂದಕ್ಕೆ ಕೊಡಬಹುದು. ಈ ರೋಮದ ಗೊಂಬೇನ ಒರೆಸೋಕಾಗಲ್ಲ. ಒಂದು ಮಗುವಿನ ಸೋಂಕು ಇನ್ನೊಂದಕ್ಕೆ ಹೋಗುತ್ತೆ" ಅಂದರು. ಎಷ್ಟು ಸರಳ ಮಾತು. ಅಷ್ಟು ಗೊಂಬೆ ಒಗೆದರೂ ನನಗೆ ಹೊಳೆದಿರಲಿಲ್ಲ.

ಆಮೇಲೆ ಹೆಣ್ಣುಮಕ್ಕಳ ಒಂದು ಪಾಲನಾ ಮನೆಗೆ ಹೋದೆ. ಫೋಟೊ ತೋರಿಸೋಣ ಅಂತ ಮೊಬೈಲ್ ತೆಗೆದರೆ ಸೂಪರಿಂಟೆಂಡೆಂಟ್ ಮೇಡಂ ತಕ್ಷಣ, "ಇಲ್ಲಿ ಫೋಟೊ ತೆಗೆಯೋ ಹಾಗಿಲ್ಲ" ಅಂದರು. ತೆಗೆಯುವುದಕ್ಕಲ್ಲ, ತೋರಿಸುವುದಕ್ಕೆ ಅಂದೆ. ಅವರಿಗೆ ಆ ಅನುಮಾನ ಬಂದಿದ್ದು ಸಹಜ. ದಾನ ಕೊಟ್ಟು ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳಲು ಬರುವವರು ಬಹಳ ಜನವಂತೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಗೊತ್ತಾಗುವ ಹೆಸರು, ವಿಳಾಸ, ಫೋಟೊ ಯಾವುದನ್ನೂ ಪ್ರಕಟಿಸುವಂತಿಲ್ಲ. ಕೊಡುವವರು ಇದನ್ನು ತಿಳಿದುಕೊಂಡೇ ಹೋಗಬೇಕು.

"ಎಷ್ಟು ವಯಸ್ಸಿನ ಮಕ್ಕಳಿಗೆ ಅಂತ ಇಟ್ಕೊಂಡಿದ್ದೀರ?" ಕೇಳಿದರು.

"ನಾಲ್ಕೈದು ವರ್ಷದವರಿಗೆ."

"ನಮ್ಮಲ್ಲಿರೋರು ಹನ್ನೆರಡರಿಂದ ಹದಿನೇಳು ವರ್ಷದ ಹುಡುಗೀರು."

ನಾನು ಚೀಲ ತೆಗೆದುಕೊಂಡು ಎದ್ದೆ. "ಕೂತ್ಕೊಳ್ಳಿ" ಅಂದರು. "ಚಿಕ್ಕ ಮಕ್ಕಳಿಗೆ ಎಲ್ಲರೂ ಗೊಂಬೆ ತರ್ತಾರೆ. ಇವರಿಗೆ ನೋಟ್ ಬುಕ್ಕು, ಪ್ಯಾಡು, ಬಟ್ಟೆ ಕೊಡ್ತಾರೆ, ಅದೂ ಬೇಕು. ಆದ್ರೆ ರಾತ್ರಿ ತಬ್ಬಿಕೊಂಡು ಮಲಗೋಕೆ ಇವರಿಗೂ ಏನಾದ್ರೂ ಬೇಕಲ್ವಾ? ದಿಂಬಿನಷ್ಟು ದೊಡ್ಡದು ಇದ್ರೆ ಹದಿನಾರು ಕೊಡಿ. ಹದಿನೈದು ಬೇಡ."

ಇನ್ನೊಂದು ಮಾತು ಹೇಳಿದರು. "ಪ್ರತಿಯೊಂದಕ್ಕೂ ಬಿಳಿ ಬಟ್ಟೆ ಪಟ್ಟಿ ಒಂದು ಹೊಲಿದು ಕೊಡ್ತೀರಾ? ಅವರವರ ಹೆಸರು ಅವರೇ ಬರ್ಕೊಳ್ಳಲಿ. ಎಲ್ಲಾನೂ ಹಂಚ್ಕೊಂಡೇ ಬಳಸೋ ಮನೇಲಿ, ಇದು ನಂದು ಅಂತ ಒಂದಿರಲಿ."

ಮನೆಗೆ ಬಂದು ಚಿಕ್ಕಮ್ಮನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಚಿಕ್ಕಪ್ಪನ ಹಳೆ ಪಂಚೆ ತಂದು ಪಟ್ಟಿ ಕತ್ತರಿಸತೊಡಗಿದರು. ಬೆರಳುದ್ದದ 16 ಪಟ್ಟಿ, ಅಂಚು ಮಡಿಸಿ, ಗೊಂಬೆಯ ಎಡಗಾಲಿನ ಕೆಳಗೆ. ದೊಡ್ಡ ಗೊಂಬೆ ನಮ್ಮಲ್ಲಿ ಇದ್ದದ್ದೇ 15. ಹದಿನಾರನೆಯದಕ್ಕೆ ಹಸಿರು ಮೊಸಳೆ ಹಾಕಿದೆವು. ದಪ್ಪ ಇಲ್ಲ, ಆದರೆ ಉದ್ದ ಇದೆ. ಅದನ್ನು ಯಾರೂ ಮುಟ್ಟದೇ ಇದ್ದರೆ ಅಂತ ನನಗೆ ಭಯ. ಹುಡುಗಿಯರನ್ನು ನಾನು ನೋಡಲಿಲ್ಲ, ಆಫೀಸಿನಲ್ಲೇ ಚೀಲ ಒಪ್ಪಿಸಿ ಬಂದೆ. ಎರಡು ದಿನ ಬಿಟ್ಟು ಮೇಡಂ ಫೋನ್ ಮಾಡಿದರು. ಮೊದಲು ಖಾಲಿಯಾಗಿದ್ದು ಮೊಸಳೆಯಂತೆ.

ಚಿಕ್ಕಮ್ಮನ ಹಳೆ ಮಕ್ಕಳನ್ನೂ ಕೇಳಿದೆವು. ಪೋಷಕರ ವಾಟ್ಸಾಪ್ ಗುಂಪು ಇನ್ನೂ ಇತ್ತು. ಒಗೆದು ಸಾಲಾಗಿ ಕೂರಿಸಿದ ಗೊಂಬೆಗಳ ಫೋಟೊ ಹಾಕಿ, "ನಿಮ್ಮ ಮಕ್ಕಳಿಗೆ ಯಾವುದಾದರೂ ನೆನಪಿದ್ದರೆ ಬಂದು ತೆಗೆದುಕೊಂಡು ಹೋಗಿ" ಅಂತ ಬರೆದೆ. ಎಂಟು ಗೊಂಬೆ ಹೀಗೆ ಹೋದವು. ಎರಡನೇ ಪಿಯುಸಿ ಓದುವ ಹುಡುಗನೊಬ್ಬ ಸೈಕಲ್ ಮೇಲೆ ಬಂದ, ಮೀಸೆ ಚಿಗುರಿದೆ. ಉದ್ದ ಕೈಯ ಮಂಗವನ್ನು ಎತ್ತಿಕೊಂಡು ಅದರ ಕಿವಿ ನೋಡಿದ. "ಇದನ್ನ ಕಚ್ಚಿದ್ದು ನೀನೇ ಕಣೋ, ಮೊದಲ ದಿನ ಅಮ್ಮ ಬಿಟ್ಟುಹೋದಾಗ" ಅಂದರು ಚಿಕ್ಕಮ್ಮ. ಅವನು ನಗುತ್ತಾ, "ಗೊತ್ತು ಮಿಸ್" ಅಂದ. ಮಂಗದ ಕೈಗಳನ್ನು ಕೊರಳಿಗೆ ಸುತ್ತಿಕೊಂಡೇ ಸೈಕಲ್ ಹತ್ತಿ ಹೋದ.

ಇನ್ನು ಅಂಗನವಾಡಿ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ತವರು ಟಿ. ನರಸೀಪುರದ ಕಡೆ ಒಂದು ಹಳ್ಳಿ. ಕರ್ನಾಟಕದಲ್ಲಿ ಅಂಗನವಾಡಿ ಮೊದಲು ಶುರುವಾಗಿದ್ದೇ ಟಿ. ನರಸೀಪುರ ತಾಲ್ಲೂಕಿನಲ್ಲಿ, 1975ರ ಅಕ್ಟೋಬರ್ 2ರಂದು. ಚಿಕ್ಕಮ್ಮ ಶಿಶುವಿಹಾರ ಶುರುಮಾಡುವ ಮೊದಲು ಅಂಥ ಒಂದು ಕೇಂದ್ರಕ್ಕೆ ಹೋಗಿ ಒಂದು ವಾರ ಕೂತು ನೋಡಿ ಬಂದಿದ್ದರಂತೆ. ಮಕ್ಕಳಿಗೆ ಹಾಡು ಹೇಳಿಕೊಡುವುದನ್ನು ಅಲ್ಲೇ ಕಲಿತದ್ದು ಅಂತ ಈಗಲೂ ಹೇಳುತ್ತಾರೆ.

ಅಕ್ಕನ ಹಳ್ಳಿಯ ಅಂಗನವಾಡಿಗೆ ಹೋದರೆ ಅಲ್ಲಿನ ಟೀಚರ್ ನನ್ನನ್ನು ನೋಡಿ ಖುಷಿಪಡಲಿಲ್ಲ. "ಮೇಡಂ, ಬೇಜಾರು ಮಾಡ್ಕೋಬೇಡಿ. ಹುಟ್ಟಿದಬ್ಬ ಅಂತ ಜನ ಬರ್ತಾರೆ. ಎಂಟು ಗೊಂಬೆ ತಂದು 23 ಮಕ್ಕಳ ಮುಂದೆ ಸುರಿದು ಹೋಗ್ತಾರೆ. ಆಮೇಲೆ ಅಳೋ ಮಕ್ಕಳನ್ನ ಸಮಾಧಾನ ಮಾಡೋರು ನಾವು. ಮನೆಗೆ ಕೊಡೋದಾದ್ರೆ ಎಲ್ಲರಿಗೂ ಕೊಡಿ, ಒಂದೇ ಅಳತೇದು ಕೊಡಿ. ಇಲ್ಲಿಗೆ ಕೊಡೋದಾದ್ರೆ ಐದಾರು ಸಾಕು, ನಾನೇ ಆರಿಸ್ಕೊಳ್ತೀನಿ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅಂಗೈಗಿಂತ ಸ್ವಲ್ಪ ದೊಡ್ಡದಿರುವ ಗೊಂಬೆಗಳನ್ನು ಲೆಕ್ಕ ಹಾಕಿದೆ. ಪುಣ್ಯಕ್ಕೆ 23 ಸಿಕ್ಕಿದವು. ಉಳಿದವುಗಳ ಫೋಟೊ ನೋಡಿ ಟೀಚರ್ ಆರಿಸಲು ಕೂತರು. ಆನೆ ಬೇಕು. ಹುಲಿ ಬೇಕು. ಬೆಕ್ಕು, ನಾಯಿ ಬೇಕು. ಜಿರಾಫೆ ಇರಲಿ, ಮೈಸೂರು ಜೂನಲ್ಲಿ ನೋಡಿದ್ದಾರೆ. ಮೊಲ ಸರಿ. ಪಾಂಡಾ, ಪೆಂಗ್ವಿನ್, ಬಿಳಿ ಕರಡಿ ಬೇಡ.

"ಹಸು ಇಲ್ವಾ?" ಕೇಳಿದರು.

ಇರಲಿಲ್ಲ. 94 ಗೊಂಬೆಗಳಲ್ಲಿ ಒಂದೇ ಒಂದು ಹಸು ಇಲ್ಲ. ಎಮ್ಮೆ ಇಲ್ಲ. ಮೇಕೆ, ಕೋಳಿ ಯಾವುದೂ ಇಲ್ಲ. ಕರಡಿಗಳೇ 31! ಇಷ್ಟು ದಿನ ತೊಳೆದು, ತೂಗಿ, ಹೊಲಿದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೆಳಿಗ್ಗೆ ಎದ್ದು ಹಟ್ಟಿಯಲ್ಲಿ ಹಸುವಿನ ಮುಖ ನೋಡುವ ಮಗುವಿಗೆ ನಾವು ಕೊಡಲು ಹೊರಟಿದ್ದು ಪೆಂಗ್ವಿನ್. ಗೊಂಬೆ ಮಾಡುವವರು, ಮಾರುವವರು ದಯವಿಟ್ಟು ಇದನ್ನು ಯೋಚಿಸಬೇಕು. ನಮ್ಮ ಮಕ್ಕಳು ತಬ್ಬಿಕೊಳ್ಳಲು ಒಂದು ಕರು ಬೇಡವೇ?

ಅಷ್ಟರಲ್ಲಿ ಒಬ್ಬ ಪೋರ ನನ್ನ ಕೈಚೀಲದಲ್ಲಿದ್ದ ನೀರಾನೆಯನ್ನು ಎಳೆದುಕೊಂಡ. ಮಾದರಿಗೆ ಅಂತ ಒಂದು ತಂದಿದ್ದೆ, ಬೂದು ಬಣ್ಣ, ದಪ್ಪ ಮೂತಿ. "ಎಮ್ಮೆ!" ಅಂದ. ಟೀಚರ್ ತಿದ್ದಲು ಹೋದರು, ಆಮೇಲೆ ಸುಮ್ಮನಾದರು. ನೀರಾನೆ ಅವತ್ತೇ ಅಲ್ಲಿ ಎಮ್ಮೆಯಾಗಿ ಉಳಿಯಿತು.

ಉಳಿದವುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಒಂಬತ್ತು ಗೊಂಬೆ ಬೀದಿನಾಯಿಗಳನ್ನು ನೋಡಿಕೊಳ್ಳುವ ಒಂದು ಆಶ್ರಯಕ್ಕೆ ಹೋದವು, ತಾಯಿ ಇಲ್ಲದ ಮರಿಗಳು ಒರಗಿ ಮಲಗಲು. ಅಲ್ಲಿಗೆ ಕೊಡುವಾಗ ಕಣ್ಣು, ಗುಂಡಿ, ರಿಬ್ಬನ್ ಎಲ್ಲ ಕಿತ್ತು ಕೊಡಬೇಕು. ಕಿತ್ತು ತಿನ್ನುವ ಅಭ್ಯಾಸದ ನಾಯಿಗೆ ಕೊಡಲೇಬಾರದು, ನಾರು ಕರುಳಿಗೆ ಸಿಕ್ಕಿಕೊಳ್ಳುತ್ತೆ. ಇನ್ನುಳಿದ 14ನ್ನು ಹಳೆ ವಸ್ತುಗಳ ಮರುಬಳಕೆ ಕೇಂದ್ರದಲ್ಲಿ ಇಟ್ಟು ಬಂದೆ. 2023ರ ಮೇ ತಿಂಗಳಲ್ಲಿ ದೇಶದ ನಗರಗಳಲ್ಲೆಲ್ಲ ತೆರೆದರಲ್ಲ, ಬೇಡವಾದದ್ದನ್ನು ಇಟ್ಟು ಬೇಕಾದವರು ಒಯ್ಯುವ ಜಾಗ, ಅದು. ಒಂದೊಂದನ್ನೂ ತೆಳು ಕವರಿನಲ್ಲಿ ಹಾಕಿ, "ಒಗೆದಿದೆ, ಕಣ್ಣು ಗಟ್ಟಿಯಾಗಿ ಹೊಲಿದಿದೆ" ಅಂತ ಚೀಟಿ ಇಟ್ಟಿದ್ದೆ. ಚೀಟಿ ಇಲ್ಲದೆ ಇದ್ದರೆ ತೆಗೆದುಕೊಳ್ಳುವ ತಾಯಿಗೆ ಹೇಗೆ ಗೊತ್ತಾಗಬೇಕು?

ಉಳಿದದ್ದು ಆ 17 ಹರಿದ ಗೊಂಬೆ. ರೋಮದ ಬಟ್ಟೆ, ನಾರು, ಪ್ಲಾಸ್ಟಿಕ್ ಕಣ್ಣು, ಕೆಲವದರಲ್ಲಿ ತಂತಿ, ಎಲ್ಲ ಕಲಸಿಕೊಂಡಿರುವುದರಿಂದ ಒಣಕಸದವರಿಗೂ ಇದು ಬೇಡ. ಒಂದೊಂದನ್ನೇ ಕುಯ್ದೆವು. ಕೆಲವದರ ಹೊಟ್ಟೆಯಲ್ಲಿ ಟೈಲರ್ ಅಂಗಡಿಯ ಬಟ್ಟೆ ಚೂರು, ಸ್ಪಂಜು ಚೂರು. ಒಂದರೊಳಗೆ ಥರ್ಮಾಕೋಲ್ ಗುಂಡುಗಳಿದ್ದವು, ಫ್ಯಾನ್ ಗಾಳಿಗೆ ಕೋಣೆಯೆಲ್ಲ ಹಾರಿ ಎರಡು ದಿನ ಗುಡಿಸಿದೆ. ಆದರೆ ಹತ್ತರಲ್ಲಿ ಬೆಳ್ಳಗಿನ ಒಳ್ಳೆ ನಾರು ಸಿಕ್ಕಿತು. ಒಗೆದು, ಒಣಗಿಸಿ, ಬೆರಳಲ್ಲಿ ಬಿಡಿಸಿದರೆ ಒಂದು ಬಕೆಟ್ ತುಂಬ. ಮಿಕ್ಕಿದ್ದು ಎರಡು ಚೀಲ ಕಸಕ್ಕೇ ಹೋಯಿತು. ಅದು ನನಗೆ ಈಗಲೂ ಸಂಕಟ.

ಆ ನಾರನ್ನು ದಿಂಬಿಗೆ ತುಂಬೋಣ ಅಂದೆ. ಚಿಕ್ಕಮ್ಮ ಬೇಡ ಅಂದರು. ಕಂದು ಬಣ್ಣದ ಹಳೆ ಬೆಡ್‌ಶೀಟ್ ಹರಡಿ, ಸೀಮೆಸುಣ್ಣದಲ್ಲಿ ಗೀಚಿ, ಕತ್ತರಿ ತೆಗೆದುಕೊಂಡರು. ಮೂರು ದಿನ ಹಿಡಿಯಿತು. ಮೊದಲ ದಿನ ಅದು ನಾಯಿಯ ಹಾಗಿತ್ತು. ಎರಡನೇ ದಿನ ಹಳೆ ಕೊಡೆಯ ಕಪ್ಪು ಬಟ್ಟೆಯಲ್ಲಿ ಕೊಂಬು ಮಾಡಿ ಹೊಲಿದ ಮೇಲೆ ಹಸುವಿನ ಕಳೆ ಬಂತು. ಹಣೆಗೆ ಬಿಳಿ ಚುಕ್ಕೆ, ಕೊರಳಿಗೆ ಕೆಂಪು ದಾರ. ಗಂಟೆ ಕಟ್ಟೋಣ ಅಂದಿದ್ದಕ್ಕೆ, "ಡಬ್ಬೀಲಿ ಹಿಡಿಸುತ್ತೆ, ಬೇಡ" ಅಂದರು.

ಶಿವರಾತ್ರಿಯ ಹಿಂದಿನ ವಾರ ಎಲ್ಲವನ್ನೂ ಕಾರಿನಲ್ಲಿ ಹಾಕಿಕೊಂಡು ಟಿ. ನರಸೀಪುರದ ದಾರಿ ಹಿಡಿದೆವು. ಚಿಕ್ಕಮ್ಮನೂ ಬಂದರು. 23 ಮಕ್ಕಳಿಗೆ 23 ಗೊಂಬೆ ಹಂಚಿ ಆಯಿತು, ಯಾರೂ ಅಳಲಿಲ್ಲ. ಆಮೇಲೆ ಟೀಚರ್ ಆರಿಸಿದ್ದ ಆನೆ, ಹುಲಿ, ಬೆಕ್ಕು, ನಾಯಿ, ಜಿರಾಫೆ, ಮೊಲವನ್ನು ಗೋಡೆಯ ಪಕ್ಕ ಸಾಲಾಗಿ ಇಟ್ಟೆವು, ಎಮ್ಮೆಯ ಜೊತೆ. ಕೊನೆಗೆ ಹಸು ಹೊರಗೆ ಬಂತು.

ಎರಡು ಜಡೆಯ ಒಂದು ಪುಟ್ಟ ಹುಡುಗಿ ಬಂದು ಹಸುವನ್ನು ಸುಮ್ಮನೆ ನೋಡಿದಳು. ಮುಟ್ಟಿದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ತಲೆಕೆಳಗು ಮಾಡಿದಳು. ಕೆಚ್ಚಲು ಹುಡುಕುತ್ತಿದ್ದಾಳೆ ಅಂತ ಟೀಚರ್‌ಗೆ ಮೊದಲು ಗೊತ್ತಾಯಿತು. ನಾನು ಚಿಕ್ಕಮ್ಮನ ಮುಖ ನೋಡಿದೆ. ಚಿಕ್ಕಮ್ಮ ಹೊಲಿದಿದ್ದರು. ಗುಲಾಬಿ ಬಣ್ಣದ ರವಿಕೆ ಬಟ್ಟೆಯಲ್ಲಿ ನಾಲ್ಕು ಮೊಲೆ, ಒಂದೊಂದೂ ಮಗುವಿನ ಕಿರುಬೆರಳಷ್ಟು.

ಹುಡುಗಿ ಹಸುವನ್ನು ನೆಲದ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿ ಚೊರ್ ಚೊರ್ ಅನ್ನುತ್ತಾ ಕರೆಯತೊಡಗಿದಳು. ಚಿಕ್ಕಮ್ಮ ನನ್ನ ಭುಜ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತರು. ಟೀಚರ್ ಒಳಗೆ ಹೋಗಿ ಒಂದು ಸ್ಟೀಲ್ ಲೋಟ ತಂದು ಹಸುವಿನ ಕೆಳಗಿಟ್ಟರು.